ಲಾರಿಯ ಹಿಂದಿನ ರಬ್ಬರು

ಮೊನ್ನೆ ಮೊಮ್ಮಗ ಟಿವಿಯಲ್ಲಿ ಕಾರು ಓಟ ನೋಡುತ್ತಿದ್ದ. ಎಲ್ಲೋ ಪರದೇಶದಲ್ಲಿ ಮಳೆ. ಮುಂದಿನ ಕಾರಿನ ಚಕ್ರಗಳು ಎರಚಿದ ನೀರಿನಲ್ಲಿ ಹಿಂದಿನ ಕಾರು ಕಾಣದೇ ಹೋಯಿತು. ಅದನ್ನು ತಡೆಯಲು ಚಕ್ರಕ್ಕೆ ಹೊದಿಕೆ ಹಾಕಿ ನೋಡಿದರಂತೆ, ಸರಿಹೋಗಲಿಲ್ಲವಂತೆ. ಅವನು ಹೇಳುತ್ತಲೇ ಇದ್ದ... ನನ್ನ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಂದ ಹಾಗಾಯಿತು.

ಐವತ್ತರ ದಶಕದ ಗುಂಡ್ಲುಪೇಟೆ. ನಾನು ಈರುಳ್ಳಿ ಲಾರಿಯ ಡ್ರೈವರು. ಪಕ್ಕದ ಮನೆಯವರು ಟೈರು ರಿಪೇರಿ ಮಾಡುತ್ತಿದ್ದರು, ಬೀದಿಗೆಲ್ಲ ದೊಡ್ಡಪ್ಪ. ಹಳೇ ಟೈರು ಕೊಯ್ದು, ಕಾದ ಕಂಬಿಯಿಂದ ತೂತು ಮಾಡಿ, ಕೆಸರು ಸಿಡಿಯದಂತೆ ಲಾರಿಯ ಹಿಂಚಕ್ರಗಳ ಹಿಂದೆ ಇಳಿಬಿಡುತ್ತಿದ್ದರು. ಯಾರೂ ಕೇಳದಿದ್ದರೂ ಕಟ್ಟುತ್ತಿದ್ದರು. ಲಾರಿಗೆ ಲಂಗೋಟಿ ಯಾಕೆ ದೊಡ್ಡಪ್ಪ ಎಂದು ನಾನು ರೇಗಿಸುತ್ತಿದ್ದೆ.

"ಇದು ನಿಂಗಲ್ಲ ಕಣ್ಲಾ, ನಿನ್ನ ಹಿಂದೆ ಬರೋನ್ಗೆ," ಅನ್ನುತ್ತಿದ್ದರು.

ಒಂದು ವರ್ಷ ಆಯುಧಪೂಜೆಗೆ ಲಾರಿ ತೊಳೆಯುವಾಗ ಆ ರಬ್ಬರು ಬಿಚ್ಚಿಟ್ಟೆ. ಎಳೆದ ರಭಸಕ್ಕೆ ತೂತುಗಳು ಹರಿದವು, ಹೊಸದಾಗಿ ಮಾಡಿ ಕಟ್ಟಬೇಕಿತ್ತು. ಮಾರನೆಯ ಬೆಳಿಗ್ಗೆಯೇ ಚಾಮರಾಜನಗರಕ್ಕೆ ಲೋಡು ಬಂತು. ದೊಡ್ಡಪ್ಪನ ಕತ್ತಿ, ಕಂಬಿ ಇನ್ನೂ ಪೂಜೆಯಲ್ಲಿದ್ದವು. ಪೂಜೆಗಿಟ್ಟ ಹತಾರವನ್ನು ಕದಲಿಸದೆ ಕೆಲಸಕ್ಕೆ ಮುಟ್ಟುವ ಹಾಗಿಲ್ಲ.

"ಸಂದೆಗೆ ಕದಲಿಸಿ ಕಟ್ಕೊಡ್ತೀನಿ. ಅಲ್ಲೀಗಂಟ ಓಗ್ಬ್ಯಾಡ ಕಣ್ಲಾ, ಮಳೆ ಬರಂಗದೆ."

"ಒಂದ್ ದಿನಕ್ಕೆ ಏನಾದದು ಬುಡು ದೊಡ್ಡಪ್ಪ," ಅಂದು ಹೊರಟೇಬಿಟ್ಟೆ. ಬಿಸಿರಕ್ತ ನೋಡಿ.

ತೆರಕಣಾಂಬಿ ದಾಟುವಾಗ ಮಳೆ ಹಿಡಿಯಿತು. ಹಿಂದೆ ಒಂದು ಕಾರು ಹಾರನ್ ಹೊಡೆಯುತ್ತಿತ್ತು. ಮುಂದೆ ಹೋಗಲೆಂದು ಹತ್ತಿರ ಬಂತು, ನನ್ನ ಚಕ್ರದ ಕೆಸರು ಅದರ ಗಾಜಿಗೆ ಬಡಿಯಿತು... ಆಮೇಲೆ ಹುಣಸೆ ಮರಕ್ಕೆ ಗುದ್ದಿದ ಸದ್ದು. ಇಳಿದು ಓಡಿದೆ. ಬಾಡಿಗೆ ಕಾರು. ಒಳಗೆ ಹಬ್ಬ ಮುಗಿಸಿ ಊರಿಗೆ ಹೊರಟಿದ್ದ ದೊಡ್ಡಪ್ಪನ ಮಗಳು, ಸ್ಟೀರಿಂಗ್ ಹಿಡಿದಿದ್ದ ಹೊಸ ಅಳಿಯ. ಮಗಳು ಬದುಕಿದಳು, ಅಳಿಯ ಬದುಕಲಿಲ್ಲ. ನನಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಮಳೆಗೆ ಜಾರಿತು ಎಂದರು ಎಲ್ಲರೂ. ನಾನು ಬಾಯಿ ಬಿಡಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ನೋಡಿದರೆ ದೊಡ್ಡಪ್ಪ ನನ್ನ ಲಾರಿಯ ಹಿಂದೆ ಕೂತು ರಬ್ಬರು ಕಟ್ಟುತ್ತಿದ್ದರು. ಬೈಯಲಿಲ್ಲ, ನನ್ನ ಮುಖ ಕೂಡ ನೋಡಲಿಲ್ಲ. ಗಟ್ಟಿ ಇದೆಯೇ ಎಂದು ಎರಡು ಸಲ ಎಳೆದರು. "ಇನ್ ಬಿಚ್ಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದರು.

ದೊಡ್ಡಪ್ಪ ಹೋಗಿ ಬಹಳ ಕಾಲವಾಯಿತು. ಮಗಳು ತವರಲ್ಲೇ ಉಳಿದು, ಹೋದ ವರ್ಷ ತೀರಿಕೊಂಡಳು. ಅಷ್ಟು ವರ್ಷವೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ, "ಕಾಪಿ ಆಯ್ತಾ ಅಣ್ಣ?" ಎಂದು ಕೇಳುತ್ತಿದ್ದಳು. ಆಯ್ತು ಕಣವ್ವ ಅನ್ನುತ್ತಿದ್ದೆ. ಅದರಾಚೆಗೆ ಒಂದು ಮಾತೂ ಹೇಳಲಿಲ್ಲ.