ಕಾಗೆ ತಿಂದ ಕಾಗೆಯ ಮೆದುಳು

ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದಕ್ಕೆ ಸಾರಿ ಫ್ರೆಂಡ್ಸ್, ಟೆನ್ಶನ್ ತಡೆಯಲಾಗುತ್ತಿಲ್ಲ. ನಾಳೆ ಬೆಳಿಗ್ಗೆ ನನ್ನ ಮೊದಲ ಝುವಾಲಜಿ ಸೆಮಿನಾರ್. ಕಾಗೆಯ ಮೆದುಳು ಚಿಕ್ಕದಾದರೂ ಅದರಲ್ಲಿ ನರಕೋಶಗಳು ಒತ್ತೊತ್ತಾಗಿ ತುಂಬಿವೆ, ಆದ್ದರಿಂದಲೇ ಅದು ಅಷ್ಟು ಜಾಣ ಎಂಬುದು ಟಾಪಿಕ್. ತೋರಿಸಲೆಂದು ಚಪಾತಿ ಹಿಟ್ಟಿನಲ್ಲಿ ಎರಡು ಮೆದುಳು ಮಾಡಿದೆ. ನರಕೋಶಗಳೆಂದು ಮಂಗನ ದೊಡ್ಡ ಮೆದುಳಿಗೆ ಹೆಸರುಕಾಳನ್ನು ದೂರದೂರ ಚುಚ್ಚಿದೆ, ಕಾಗೆಯ ಪುಟ್ಟ ಮೆದುಳಿಗೆ ಜಾಗವೇ ಉಳಿಯದಂತೆ ತುಂಬಿದೆ. ಒಣಗಲೆಂದು ಹಾಸ್ಟೆಲ್ ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಒಂದು ಕಾಗೆ ಕಾಗೆಯ ಮೆದುಳಿನ ಕೊನೆಯ ಕಾಳನ್ನು ಹೆಕ್ಕುತ್ತಿತ್ತು. ಮಂಗನದನ್ನು ಮುಟ್ಟಿರಲಿಲ್ಲ. ರೂಮ್‌ಮೇಟ್ ನಫೀಸಾ ಮಂಚದಲ್ಲಿ ಕುಳಿತು ವಿಡಿಯೋ ಮಾಡುತ್ತಿದ್ದಳು.

"ಓಡಿಸ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ಎಲ್ಲಿ ಕಾಳು ಜಾಸ್ತಿ ಉಂಟು ಅಂತ ನೋಡಿಯೇ ಕೂತಿತು ಮಾರಾಯ್ತಿ. ನಿನ್ನ ಸೆಮಿನಾರ್ ಅದೇ ಮಾಡಿ ಮುಗಿಸಿತು."

ಮೆಸ್ಸಿನ ಅಕ್ಕನ ಬಳಿ ಮತ್ತೆ ಕಾಳು ಕೇಳಿದೆ.

"ಆಗ ಕೊಟ್ಟದ್ದು ಎಂತ ಮಾಡಿದೆ?"

"ಕಾಗೆ ತಿಂದಿತು ಅಕ್ಕಾ."

"ಕಿಟಕಿಯಲ್ಲಿ ಇಟ್ಟದ್ದಾ? ಅದಕ್ಕಿರುವ ಬುದ್ಧಿ ನಿಂಗಿಲ್ಲ. ಉಳಿದದ್ದು ನಾಳೆ ಸಾಂಬಾರಿಗೆ ಬೇಕು."

ನನ್ನ ಸೆಮಿನಾರಿನ ಕೊನೆಯ ಸ್ಲೈಡಿನಲ್ಲಿರುವುದೂ ಹೆಚ್ಚುಕಡಿಮೆ ಅದೇ ಮಾತು. ಆದರೆ ಈಗ ಸರ್ ಎದುರು ಇಡಲು ನರಕೋಶವಿರುವ ಮಂಗ ಮತ್ತು ನರಕೋಶವೇ ಇಲ್ಲದ ಕಾಗೆ ಮಾತ್ರ ಇವೆ. ನಮ್ಮ ಹಾಸ್ಟೆಲ್ ಇರುವ ಜೆಪ್ಪು ಕಡೆ ಯಾರ ಬಳಿಯಾದರೂ ಒಂದು ಮುಷ್ಟಿ ಹೆಸರುಕಾಳು ಇದ್ದರೆ ಬೇಗ ರಿಪ್ಲೈ ಮಾಡಿ.