ಮಾವನವರ ಹಣೆಯ ವಿಭೂತಿ

ನಾನು ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ದೋಣಿಗಲ್ ಕಡೆಯಿಂದ ಬಂದ ಗಾಡಿಯವನು ಬೇಲಿಯಾಚೆಯಿಂದಲೇ, ನಮ್ಮ ಯಜಮಾನರು ಪಟ ಹೊತ್ತುಕೊಂಡು ಹಿಂದೆ ಬರುತ್ತಿದ್ದಾರೆ, ಮುಖ ಉಳಿದಿದೆಯಂತೆ ಅಂತ ಹೇಳಿ ಹೋದ. ಮೊರ ಕೆಳಗಿಟ್ಟು ಶಿವನಿಗೆ ಕೈ ಮುಗಿದೆ. ಮುಖವೇನೋ ಉಳಿಯಿತು. ಇನ್ನು ನಮ್ಮತ್ತೆ ಊಟ ಮಾಡುತ್ತಾರೋ ಇಲ್ಲವೋ, ಅದೊಂದೇ ಚಿಂತೆ.

ಆ ಪಟ ನಮ್ಮ ಮಾವನವರದ್ದು. ಅವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ದೊರೆಯ ಬಂಗಲೆಗೆ ಬಂದಿದ್ದ ಚಿತ್ರಗಾರನೊಬ್ಬ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದುಕೊಟ್ಟಿದ್ದ. ರುಮಾಲು, ಮೀಸೆ ಎಲ್ಲ ಸರಿಯಾಗಿ ಬರೆದವನು ಹಣೆಯನ್ನು ಮಾತ್ರ ಬರಿದು ಬಿಟ್ಟಿದ್ದ. ಮಾವನವರು ಲಿಂಗೈಕ್ಯರಾದ ಮೇಲೆ ಅತ್ತೆಗೆ ಅದನ್ನು ನೋಡಲಾಗಲಿಲ್ಲ. ದಿನಾ ತಮ್ಮ ಲಿಂಗಪೂಜೆ ಮುಗಿಸಿ, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಪಟದ ಹಣೆಗೆ ಎಳೆದು, ಆಮೇಲೆಯೇ ತುತ್ತು ಬಾಯಿಗಿಡುತ್ತಿದ್ದರು. ಮನೆಯಲ್ಲಿ ಯಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ತಪ್ಪೆಂದು ಹೇಗೆ ಹೊಳೆದೀತು? ವರ್ಷಗಟ್ಟಲೆ ಬೂದಿ ಗಟ್ಟಿಯಾಗಿ, ಹುಬ್ಬಿಗಿಳಿದು, ಕಣ್ಣಿಗೂ ಪೊರೆಯ ಹಾಗೆ ಕಟ್ಟಿತು. ಒಂದು ಬೆಳಿಗ್ಗೆ ಅತ್ತೆ ಬೆರಳೆಳೆಯುವಾಗ ಬೂದಿಯ ಜೊತೆ ಹಣೆಯ ಬಣ್ಣವೂ ಚಕ್ಕೆಯೆದ್ದು ಕೈಗೆ ಬಂತು. ಒಳಗಿನ ಬಟ್ಟೆ ಕಾಣಿಸಿತು.

ಅವತ್ತಿನಿಂದ ಅನ್ನ, ರೊಟ್ಟಿ ಎಲ್ಲ ಬಿಟ್ಟರು. ಹಣೆಯೇ ಇಲ್ಲದ ಮೇಲೆ ವಿಭೂತಿ ಎಲ್ಲಿ, ಊಟ ಎಲ್ಲಿ ಅಂದರು. ಬರೀ ಹಾಲು, ಬಾಳೆಹಣ್ಣು. ಮಠದ ಅಯ್ಯನವರು ಬಂದು ಬುದ್ಧಿ ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ದೋಣಿಗಲ್ಲಿನ ಕಿರಿಸ್ತಾನರ ತೋಟಕ್ಕೆ ಅವರ ದೇವಮಾತೆಯ ಪಟ ಸರಿಮಾಡಲು ಮಂಗಳೂರಿಂದ ಒಬ್ಬ ಬಂದಿದ್ದಾನೆಂದು ತಿಳಿಯಿತು. ಯಜಮಾನರು ನಮ್ಮದನ್ನೂ ಅವನ ಕೈಗೆ ಒಪ್ಪಿಸಿ ಬಂದಿದ್ದರು. ಅವನು ಆಗಲ್ಲ ಅನ್ನಲಿಲ್ಲ, ಅದೂ ಶಿವನ ದಯೆಯೇ.

ಯಜಮಾನರು ಬಂದು, ಪಟವನ್ನು ಜಗುಲಿಯಲ್ಲಿಟ್ಟು ಕಂಬಳಿ ಬಿಚ್ಚುತ್ತಾ, ಅವನು ಹತ್ತಿಯನ್ನು ನಾಲಿಗೆಗೆ ತಾಗಿಸಿಕೊಂಡು ಉಗುಳಿನಲ್ಲೇ ಬೂದಿ ನೆನೆಸಿ ತೆಗೆದನೆಂದೂ, ಅವ್ವನಿಗೆ ಹೇಳಬೇಡವೆಂದೂ ನನ್ನ ಕಿವಿಯಲ್ಲಿ ಹೇಳಿದರು. ಎಂಜಲು!

ಬಾಗಿಲಲ್ಲಿ ನಿಂತಿದ್ದ ಅತ್ತೆ, "ನಂಗೆ ಮಂಜಾಗಿರೋದು ಕಣ್ಣು, ಕಿವಿಯಲ್ಲ ಕಣೋ," ಅಂದರು. "ನೀನು ಕೂಸಾಗಿದ್ದಾಗ ನಿನ್ನ ಮೂತೀನ ನಾನು ಯಾವ ಗಂಗೇಲಿ ಒರೆಸ್ತಿದ್ದೆ ಅಂದ್ಕೊಂಡಿದ್ದೀಯ?"

ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ.

ಅತ್ತೆ ಒಳಗೆ ಹೋಗಿ ವಿಭೂತಿ ನೆನೆಸಿಕೊಂಡೇ ಬಂದರು. ಪಟಕ್ಕೆ ಕೈ ಚಾಚುವಷ್ಟರಲ್ಲಿ ಯಜಮಾನರು ಮಣಿಕಟ್ಟು ಹಿಡಿದರು. ಇನ್ನು ಮೇಲೆ ಒದ್ದೆ ಸೋಕಿಸಿದರೆ ಇರೋ ಮುಖವೂ ಹೋಗುತ್ತದೆಂದು ಆ ಮನುಷ್ಯ ಖಂಡಿತವಾಗಿ ಹೇಳಿದ್ದನಂತೆ.

"ಹಂಗಾದ್ರೆ ನಾನು ಉಣ್ಣೋದು ಹೆಂಗಪ್ಪ?"

"ಹತ್ತಿರ ಬಂದು ನೋಡವ್ವ. ಹಣೆ ಬರಿದಾಗಿಲ್ಲ."

ಬಣ್ಣ ಕಿತ್ತ ಜಾಗವನ್ನು ಮಂಗಳೂರಿನವನು ತುಂಬಿ, ಅದರ ಮೇಲೆ ಬಣ್ಣದಲ್ಲೇ ಮೂರೆಳೆ ವಿಭೂತಿ ಬರೆದಿದ್ದ. ಬರೆಯಲು ಹೇಳಿದವರು ಯಜಮಾನರೇ. ಅತ್ತೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ನಾನು ಒಳಗೊಳಗೇ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ.

"ನಡುವಿಂದು ಸೊಟ್ಟಗೈತೆ," ಅಂದರು ಕೊನೆಗೆ. "ಇರ್ಲಿ. ಅವರೂ ಸೊಟ್ಟಗೇ ಹಚ್ಕೊತಿದ್ರು."

ಬೆರಳಲ್ಲಿದ್ದ ಒದ್ದೆ ವಿಭೂತಿಯನ್ನು ಮಗನ ಹಣೆಗೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, ಏನಾದರೂ ಬೇಯಿಸಿದ್ದೀಯೇನೇ ಅಂತ ಕೇಳಿದರು.

ಆ ಮಾತು ಕೇಳೋಕೆ ಎಷ್ಟು ಕಾದಿದ್ದೆನೋ. ಒಳಗೆ ಓಡಿ ಒಲೆಗೆ ಎರಡು ಸೌದೆ ದೂಡಿ, ಅಕ್ಕಿಹಿಟ್ಟಿಗೆ ಬಿಸಿನೀರು ಹುಯ್ದು, ರೊಟ್ಟಿಗೆ ನಾದಲು ಕೂತೆ.