ಏಳನೇ ಖೋಲಿಯ ಕೀಲಿಕೈ

ಪಾಸ್‌ಪೋರ್ಟ್ ಹುಡುಕುತ್ತ ಕಪಾಟಿನ ಮೇಲಿನ ಹಳೆಯ ಚೀಲಗಳನ್ನೆಲ್ಲ ಕೊಡವುತ್ತಿದ್ದೆ. ಒಂದು ಚೀಲದಿಂದ ಕೀಲಿಕೈಯೊಂದು ಟಣ್ಣೆಂದು ನೆಲಕ್ಕೆ ಬಿತ್ತು. ಅದಕ್ಕೆ ಕಟ್ಟಿದ ಕಟ್ಟಿಗೆಯ ತುಂಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಮರಾಠಿ ಅಂಕಿ, ಏಳು. ಮೂಗಿಗೆ ಹಿಡಿದರೆ ಶೇಂಗಾ ಚಟ್ನಿಯ ವಾಸನೆ... ಇಪ್ಪತ್ತೆರಡು ವರ್ಷ ಅದು ಹೇಗೆ ಉಳಿದೀತು? ನನ್ನ ಮೂಗೇ ಹುಟ್ಟಿಸಿಕೊಂಡಿರಬೇಕು. ಪಾಸ್‌ಪೋರ್ಟ್ ಮರೆತು ಅಲ್ಲೇ ನೆಲದ ಮೇಲೆ ಕುಳಿತೆ.

ಮೊದಲೇ ಆ ವಾರ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶ್ರೀಲಂಕಾದಲ್ಲಿ ಹನ್ನೊಂದು ದಿನ, ಬಾಡಿಗೆ ಕಾರು, ಓಡಿಸುವವಳು ನಾನೇ, ಜೊತೆಗೆ ಯಾರೂ ಇಲ್ಲ. ನಲವತ್ತಾರಕ್ಕೆ ಹಿಡಿದ ಹುಚ್ಚು. ಕಾರು, ಪೆಟ್ರೋಲು, ಅಲ್ಲಿಯ ಡ್ರೈವಿಂಗ್ ಪರವಾನಗಿ, ಊಟ ಎಲ್ಲ ಹೇಗೋ ಅಂದಾಜಿನೊಳಗೆ ಕೂತಿದ್ದವು. ರಾತ್ರಿ ಉಳಿಯುವ ಖೋಲಿ ಮಾತ್ರ ಕೂರುತ್ತಿರಲಿಲ್ಲ. ಒಬ್ಬರಿದ್ದರೂ ಅಷ್ಟೇ ಬಾಡಿಗೆ, ಇಬ್ಬರಿದ್ದರೂ ಅಷ್ಟೇ. ಈಗಲೇ ಹಣ ಕಟ್ಟಿದರೆ ಅಗ್ಗ, ಆದರೆ ಮನಸ್ಸು ಬದಲಾದರೆ ಬಿಡಿಗಾಸೂ ವಾಪಸಿಲ್ಲ. ಕ್ಯಾಂಡಿಯ ಒಂದೇ ಖೋಲಿಯನ್ನು ಮೂರು ಸಲ ಬುಕ್ ಮಾಡಿ ಮೂರು ಸಲ ರದ್ದು ಮಾಡಿದ್ದೆ. ಆ ಮಾಲೀಕ ನನ್ನ ಹೆಸರು ಕಂಡರೆ ನಗುತ್ತಿದ್ದನೋ ಬೈಯುತ್ತಿದ್ದನೋ.

ಹಣದ ತಕರಾರು ನೆವ ಅಷ್ಟೇ. ನಿಜವಾದ ತಕರಾರು ಬೇರೆ ಇತ್ತು. ಸೋಲಾಪುರದ ನಮ್ಮ ಚಾದರ್ ಅಂಗಡಿಯಲ್ಲಿ ಅಣ್ಣನೂ ನಾನೂ ದಿನವಿಡೀ ಎದುರುಬದುರು ಕೂರುತ್ತೇವೆ. ಆತನಿಗೆ ನಾನು, ಟೂರ್ ಕಂಪನಿಯ ಹದಿನೆಂಟು ಮಂದಿಯ ಜೊತೆ ಹೊರಟಿದ್ದೇನೆ ಎಂದು ಹೇಳಿದ್ದೆ. ಕಾರಿನ ಕಂಪನಿಯ ಫಾರ್ಮಿನಲ್ಲಿ, ತೊಂದರೆಯಾದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ನನ್ನದೇ ಇನ್ನೊಂದು ನಂಬರ್ ತುಂಬಿದ್ದೆ. ಸುಳ್ಳು ಹೇಳಿ ಒಬ್ಬಳೇ ಹೊರಡುವುದು ನನಗೆ ಹೊಸದಲ್ಲ. ಮೊದಲ ಸಲದ ಸಾಕ್ಷಿ ಈಗ ಕೈಯಲ್ಲೇ ಇತ್ತು...

ಆಗ ನನಗೆ ಇಪ್ಪತ್ನಾಲ್ಕು. ಹನ್ನೊಂದು ಮಂದಿಯ ಮನೆಯಲ್ಲಿ ಒಂದು ಖೋಲಿಯಲ್ಲಿ ಒಬ್ಬಳೇ ಮಲಗಿದ್ದೇ ಇರಲಿಲ್ಲ. ಒಂದು ದಿನ ಹಾಗಿದ್ದು ನೋಡಬೇಕೆಂಬ ಆಸೆ ತಲೆಗೇರಿತ್ತು. ಗೆಳತಿಯ ಮನೆಗೆ ಹೋಗುತ್ತೇನೆಂದು ಹೇಳಿ, ಕಡಕ್ ಭಕ್ರಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅಕ್ಕಲಕೋಟೆಯ ಬಸ್ ಹತ್ತಿದೆ. ಹೋದ ಲಾಡ್ಜುಗಳಲ್ಲೆಲ್ಲ ಒಂದೇ ಮಾತು, "ಏಕಟ್ಯಾಲಾ ನಾಹಿ." ಕ್ಷೇತ್ರದ ಊರುಗಳಲ್ಲಿ ಒಬ್ಬರೇ ಬಂದವರಿಗೆ ಖೋಲಿ ಕೊಡುವುದಿಲ್ಲ. ಯಾಕೆಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ಲಾಡ್ಜಿನ ಮ್ಯಾನೇಜರ್ ಕಾಕಾ ಹೊಳ್ಳಿ ಹೋಗು ಅನ್ನಲಿಲ್ಲ. ಬಿಳಿ ಟೊಪ್ಪಿಗೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಅದರ ಮೇಲಿಂದ ನನ್ನನ್ನು ನೋಡಿ ಕೇಳಿದರು, "ಯಾಕ ಬಂದೀ ಯವ್ವಾ?"

"ಸುಮ್ನ ಬಂದೀನ್ರಿ. ಒಂದಿನ ಒಬ್ಬಾಕಿನ ಇರಬೇಕಂತ."

"ಎಲ್ಲಾರೂ ದರ್ಶನಕ್ಕ ಅಂತಾರ. ನೀ ಒಬ್ಬಾಕಿ ಖರೇ ಹೇಳ್ದಿ ನೋಡು," ಎಂದು ನಕ್ಕು ರಿಜಿಸ್ಟರ್ ಮುಂದಿಟ್ಟರು. ಖರೇ ಹೇಳಿದವಳು ಅದರಲ್ಲಿ ಸುಳ್ಳು ಹೆಸರು ಬರೆದೆ, ಊರು ಸೋಲಾಪುರದ ಬದಲು ಹತ್ತಿರದ ಬೋರಾಮಣಿ ಎಂದೆ, ಮನಸ್ಸಿಗೆ ತೋಚಿದ ಫೋನ್ ನಂಬರ್ ಗೀಚಿದೆ. ಅವರು ಓದಿಯೂ ನೋಡದೆ ಪುಸ್ತಕ ಮುಚ್ಚಿದರು.

ಏಳನೇ ಖೋಲಿ ಅವರ ಮೇಜಿನ ಎದುರಿಗೇ ಇತ್ತು. ಒಳಗೆ ಹೋಗಿ ಬಾಗಿಲು ಹಾಕಿ ಕೈಯಾಡಿಸಿದರೆ ಚಿಲಕವಿರಬೇಕಾದಲ್ಲಿ ನಾಲ್ಕು ತೂತು ಮಾತ್ರ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಜಗಳಕ್ಕೇ ನಿಂತೆ. "ಒಳಗ ಚಿಲಕಾನ ಇಲ್ಲಲ್ರಿ! ಹೆಣ್ಣಮಗಳು ನಾ ಹೆಂಗ ಮಲಗಲಿ?"

ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನ ತಗದೀನಿ ಯವ್ವಾ. ಹಿಂದಕ ಒಬ್ಬಾಂವ ಬಂದಿದ್ದ, ಒಳಗಿಂದ ಚಿಲಕ ಹಾಕ್ಕೊಂಡ... ಬಾಗಲಾ ಮುರಿಯೂದ್ರಾಗ ಎಲ್ಲಾ ಮುಗದಿತ್ತು. ಅವತ್ತಿನಿಂದ ಒಬ್ಬರ ಬಂದ್ರ ಇದ ಖೋಲಿ. ಆದ್ರ ಹೆಣ್ಣಮಗಳು ಬಂದಿದ್ದು ನೀನ ಮದಲ."

ಕಾಕಾ ಎದ್ದು ಸಾಮಾನಿನ ಖೋಲಿಯ ಬಾಗಿಲಿನ ಚಿಲಕ ಬಿಚ್ಚಿ ತಂದು, ಮೊಣಕಾಲೂರಿ ಏಳನೆಯದಕ್ಕೆ ತಾವೇ ಕೂಡಿಸಿದರು. ಸ್ಕ್ರೂ ಒಂದು ಕೈಜಾರಿ ಮಂಚದ ಕೆಳಗೆ ಹೋಯಿತು. ಅದನ್ನು ಹುಡುಕಿ ಕೊಡುವಾಗ ನನಗೆ ನಾಚಿಕೆಯಾಯಿತು.

"ನಾ ಕೂಗಿದಾಗ ಓ ಅನಬೇಕು. ಅಷ್ಟ," ಎಂದರು.

ಆ ಸಂಜೆ ಮೂರು ಸಲ ಕೂಗಿದರು. "ಯವ್ವಾ..." ಎಂದು ಬಾಗಿಲಾಚೆಯಿಂದ ಬರುತ್ತಿತ್ತು. "ಓ!" ಅನ್ನುತ್ತಿದ್ದೆ. ಮೊದಲೆರಡು ಸಲ ನಗು ಬಂತು. ಮೂರನೆಯ ಸಲ, ಒಬ್ಬಳೇ ಇರಲೆಂದು ಬಂದರೆ ಇದೇನು ಕಾಟ ಎನ್ನಿಸಿ ಬೇಕೆಂದೇ ತಡೆದೆ. ಹೊರಗೆ ಚಪ್ಪಲಿಯ ಸದ್ದು ಒಮ್ಮೆ ಅತ್ತ, ಒಮ್ಮೆ ಇತ್ತ ಆಯಿತು. ಆಮೇಲೆ ಓ ಅಂದೆ. ಕಾಕಾ ಮೇಜಿಗೆ ಮರಳಿದರು. ನಾನು ಇಡೀ ಮಂಚದ ಮೇಲೆ ಕೈಕಾಲು ಚಾಚಿ ಮಲಗಿದೆ. ಅಂಥ ನಿದ್ದೆ ಮತ್ತೆ ಬಂದಿಲ್ಲ.

ಬೆಳಿಗ್ಗೆ ಅವರು ಗುಡಿಗೆ ಹೋಗಿದ್ದರು. ಬಾಡಿಗೆ ಮೊದಲೇ ಕೊಟ್ಟಾಗಿತ್ತು. ಮನೆಯಲ್ಲಿ ಗುಟ್ಟು ಬಯಲಾದೀತೆಂಬ ಗಾಬರಿಯಲ್ಲಿ ಹೊರಗಿನ ಬೀಗ ಜಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಊರು ಹತ್ತಿರ ಬಂದಾಗ ಚೀಲದಲ್ಲಿ ಕೀಲಿಕೈ ಕಂಡಿತು. ಬರುವ ಗುರುವಾರ ದರ್ಶನದ ನೆವ ಹೇಳಿ ಹೋಗಿ ಕೊಟ್ಟರಾಯಿತು ಅಂದುಕೊಂಡೆ. ಆ ಗುರುವಾರ ಇಪ್ಪತ್ತೆರಡು ವರ್ಷ ಬರಲಿಲ್ಲ...

ಕೀಲಿಕೈ ಸಿಕ್ಕ ಮರುದಿನವೇ ಕಾರು ತೆಗೆದುಕೊಂಡು ಅಕ್ಕಲಕೋಟೆಗೆ ಹೋದೆ. ಡ್ರೈವಿಂಗ್ ರೂಢಿಯಾಗಲಿ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಲಾಡ್ಜಿಗೆ ಹೊಸ ಟೈಲ್ಸ್ ಬಂದಿದ್ದವು. ಮೇಜಿನ ಹಿಂದೆ ನನ್ನ ವಯಸ್ಸಿನ ಹೆಣ್ಣುಮಗಳು, ಕಾಕಾ ಅವರ ಸೊಸೆ. ಆಕೆಯ ತಲೆಯ ಮೇಲೆ ಮರಾಠಿ ಬೋರ್ಡು, ಒಬ್ಬರಿಗೆ ಖೋಲಿ ಸಿಗುವುದಿಲ್ಲ ಎಂದು. ಕೀಲಿಕೈ ಮೇಜಿನ ಮೇಲಿಟ್ಟೆ.

ಅದನ್ನು ತಿರುಗಿಸಿ ನೋಡಿದಳು. ನಂಬರ್ ನೋಡಿ ನನ್ನ ಮುಖ ನೋಡಿದಳು. "ಬೋರಾಮಣಿಯವ್ರೇನ್ರಿ ನೀವು?"

ನಾನೇ ಬರೆದ ಆ ಸುಳ್ಳು ಊರಿಗೆ ತಲೆಯಾಡಿಸಿದೆ.

"ಜೀವಂತ ಅದೀರಿ..." ಎಂದಳು. ಆಮೇಲೆ ಕುರ್ಚಿ ಸರಿಸಿ ಕೂರಿಸಿದಳು. ಅಂದು ಸಂಜೆಯವರೆಗೆ ಕಾಕಾ ಕಾದರಂತೆ. ಕೀಲಿಕೈ ಒಯ್ದವಳು ತಿರುಗಿ ಬಂದೇ ಬರುತ್ತಾಳೆ ಎಂದುಕೊಂಡರಂತೆ. ಬರದಿದ್ದಾಗ ರಿಜಿಸ್ಟರಿನ ನಂಬರಿಗೆ ಫೋನ್ ಮಾಡಿದರು, ಹತ್ತಲಿಲ್ಲ. ಮರುದಿನ ಬೀಗ ಒಡೆಸಿ, ಖೋಲಿ ಖಾಲಿ ಇದ್ದದ್ದು ನೋಡಿ, ಬಸ್ ಹಿಡಿದು ಬೋರಾಮಣಿಗೆ ಹೋದರು. ಮನೆಮನೆ ಕೇಳಿದರು. ಅಂಥ ಹೆಸರಿನ ಹುಡುಗಿ ಯಾರಿಗೂ ಗೊತ್ತಿಲ್ಲ.

"ಮೂರ ಸಲ ಹೋಗಿದ್ರು ನಮ್ಮ ಮಾವ್ನೋರು. ಚಿಲಕ ನಾನ ಕೈಯಾರೆ ಹಾಕಿಕೊಟ್ನಿ, ಆ ಹುಡುಗಿ ಹೊರಗ ಹೋಗಿ ಏನ್ ಮಾಡ್ಕೊಂತೋ ಅಂತ ಸಾಯೂತನಕಾ ಅಂದ್ರು. ಆಮ್ಯಾಲನ ಈ ಬೋರ್ಡ್ ಬರೆಸಿದ್ದು. ಅವರು ಹೋಗಿ ಆರ ವರ್ಷ ಆತರಿ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕೀಲಿಕೈಯನ್ನು ನನ್ನ ಕಡೆಗೇ ಸರಿಸಿದಳು, ಆ ಬೀಗವೇ ಇಲ್ಲದ ಮೇಲೆ ಅದು ಯಾಕೆ ಎಂದು. ಎದುರಿನ ಏಳನೇ ಖೋಲಿಯಲ್ಲಿ ಯಾವುದೋ ಸಂಸಾರ ಇಳಿದುಕೊಂಡಿತ್ತು. ಒಳಗೆ ಮಗು ಅಳುತ್ತಿತ್ತು. ಆಕೆ ತರಿಸಿದ ಚಹಾ ಕುಡಿಯದೆ ಎದ್ದು ಬಂದೆ. ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ.

ಅಂದೇ ಮಧ್ಯಾಹ್ನ ಅಂಗಡಿಯಲ್ಲಿ ಅಣ್ಣನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹದಿನೆಂಟು ಮಂದಿ ಇಲ್ಲ, ನಾನೊಬ್ಬಳೇ. ಯಾವ ದಿನ ಯಾವ ಊರು, ಯಾವ ಖೋಲಿ ಎಂದು ಬರೆದ ಹಾಳೆ ಮುಂದಿಟ್ಟೆ. ಅಕ್ಕಲಕೋಟೆಯದನ್ನೂ ಹೇಳಿದೆ. ಅಣ್ಣ ಮಡಚುತ್ತಿದ್ದ ಚಾದರನ್ನು ಬಿಚ್ಚಿ ಮತ್ತೆ ಮಡಚಿದ. ಹೋಗಬೇಡ ಅನ್ನುತ್ತಾನೆಂದೇ ನಾನು ಕಾದಿದ್ದೆ.

"ದಿನಾ ಸಂಜೀಕ ನಾ ಫೋನ್ ಹಚ್ಚತೀನಿ," ಎಂದ, ಹಾಳೆಯಿಂದ ಕಣ್ಣೆತ್ತದೆ. "ಎತ್ತಬೇಕು ನೋಡು ಮತ್ತ."

ಹೂಂ ಅಂದೆ. ಫಾರ್ಮಿನಲ್ಲಿ ಅವನ ನಂಬರ್ ತುಂಬಿ, ಕ್ಯಾಂಡಿಯ ಖೋಲಿಯನ್ನು ನಾಲ್ಕನೆಯ ಸಲ ಬುಕ್ ಮಾಡಿ ಹಣ ಕಟ್ಟಿದೆ, ವಾಪಸ್ ಬಾರದ ಹಣವನ್ನೇ. ಈಗ ಶ್ರೀಲಂಕಾದಲ್ಲಿದ್ದೇನೆ, ಕೀಲಿಕೈ ಪಾಸ್‌ಪೋರ್ಟಿನ ಜೊತೆ ಚೀಲದಲ್ಲಿದೆ. ಅಣ್ಣ ದಿನವೂ ಕರೆಯುತ್ತಾನೆ, ನಾನು ದಿನವೂ ಎತ್ತುತ್ತೇನೆ. ಆದರೆ ಕಾಕಾ ಬೋರಾಮಣಿಯ ಓಣಿಗಳಲ್ಲಿ ಕೂಗಿಕೊಂಡು ತಿರುಗಿದಾಗ ನಾನು ಸೋಲಾಪುರದ ಅದೇ ಅಂಗಡಿಯಲ್ಲಿ ಕೂತಿದ್ದೆ, ಬಸ್ಸಿಗೆ ಒಂದು ತಾಸೂ ಇಲ್ಲದ ದೂರದಲ್ಲಿ... ಓ ಅನ್ನಲಿಲ್ಲ.